ತೂಕದಕ್ಕ

ಡಯಾಲಿಸಿಸ್ ಕೋಣೆಯಲ್ಲಿ ಹದಿನೇಳು ವರ್ಷ ನರ್ಸಾಗಿ ದುಡಿದ ಅವಳನ್ನು ರೋಗಿಗಳು ತೂಕದಕ್ಕ ಎನ್ನುತ್ತಿದ್ದರು. ಎದುರಿಗೆ ಅಕ್ಕ, ಬೆನ್ನ ಹಿಂದೆ ಏನೇನೋ. ಮೂತ್ರಪಿಂಡ ಕೆಟ್ಟವರು ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ. ಬಂದವರನ್ನು ಕಿಟಕಿಯ ಬಳಿಯ ತಕ್ಕಡಿಯ ಮೇಲೆ ನಿಲ್ಲಿಸಿ, ಡಾಕ್ಟರು ಬರೆದಿಟ್ಟ ತೂಕಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟು ನೀರನ್ನು ಯಂತ್ರದ ಪೊರೆಯ ಮೂಲಕ ಹಿಂಡಿ ತೆಗೆಯಬೇಕು. ಯಂತ್ರದಲ್ಲಿ ಆ ಅಂಕಿ ಒತ್ತುವವಳು ಅವಳೇ.

ಅಂಕಿಯನ್ನು ಮನಸ್ಸಿನಲ್ಲೇ ಓದಿಕೊಂಡಿದ್ದರೆ ಸಾಕಿತ್ತು. ಅವಳು ಕೋಣೆಗೆಲ್ಲ ಕೇಳುವ ಹಾಗೆ ಓದುತ್ತಿದ್ದಳು.

“ನಾಲ್ಕು ಕಿಲೋ. ಇವರ ಬೀದಿ ನಲ್ಲೀಲಿ ಇನ್ನು ನೀರು ಬರಲ್ಲ ಬಿಡಿ.”

ಹಾಸಿಗೆಯ ಮೇಲಿದ್ದವರು ನಗುತ್ತಿದ್ದರು. ತಮ್ಮ ಸರದಿ ಮುಗಿದಿತ್ತಲ್ಲ. ಆ ನಾಲ್ಕು ಕಿಲೋದ ದರ್ಜಿ ತಲೆ ತಗ್ಗಿಸಿ ಇಳಿಯುತ್ತಿದ್ದ. ಬಾಯಾರಿಕೆ ಚಪಲವಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ರಕ್ತದಲ್ಲಿ ಉಪ್ಪು ಹೆಚ್ಚಿದರೆ ಅದು ಜೀವಕೋಶಗಳೊಳಗಿನ ನೀರನ್ನು ಪೊರೆ ದಾಟಿಸಿ ಎಳೆದುಕೊಳ್ಳುತ್ತದೆ. ಮೈಯೆಲ್ಲ ಊದಿದವನಿಗೂ ನಾಲಿಗೆ ಒಣಗುತ್ತದೆ. ಹೊಸ ನರ್ಸುಗಳಿಗೆ ಇದನ್ನು ಕಲಿಸುತ್ತಿದ್ದವಳು ಅವಳೇ. ಗೊತ್ತಿದ್ದೂ ಆಡಿದ ಮಾತು ಅದು. ತಮಾಷೆ ಎನ್ನಲು ಬಾಯಿ ಬರುವುದಿಲ್ಲ.

ಇದ್ದಕ್ಕಿದ್ದಂತೆ ದರ್ಜಿಯ ತೂಕ ಹದಕ್ಕೆ ಬಂತು. ಒಂದೂವರೆ ಕಿಲೋ, ಆಮೇಲೆ ಒಂದೇ. ಅವಳು ಹಿಗ್ಗಿದಳು.

“ಬೈದಿದ್ದಕ್ಕೆ ಬುದ್ಧಿ ಬಂತು. ಇವರನ್ನ ನೋಡಿ ಕಲೀರಿ.”

ಅವನು ಕೆಮ್ಮಿದ. ಅಂಗಡಿಯ ಬಟ್ಟೆ ಧೂಳಿರಬೇಕು ಎಂದು ಒಂದೇ ಕಿಲೋ ತೆಗೆದು ಕಳಿಸಿದಳು.

ಮೂರನೇ ವಾರ ಅವನ ಫೈಲು ಹಿಡಿದು ಹೆಂಡತಿ ಬಂದಳು. ಶ್ವಾಸಕೋಶದಲ್ಲಿ ನೀರು ತುಂಬಿ, ಮಂಚದ ಮೇಲೆ ಕೂತಲ್ಲೇ ಉಸಿರುಕಟ್ಟಿ ಸತ್ತಿದ್ದ.

“ಒಂದೇ ಕಿಲೋ ಇತ್ತಲ್ಲಮ್ಮಾ?”

“ಕಿಟಕಿ ಕಟ್ಟೆಗೆ ಹಿಂದಿನಿಂದ ಕೈ ಊರಿ ನಿಲ್ತಿದ್ರು. ತೂಕ ಕಮ್ಮಿ ತೋರಿಸುತ್ತಲ್ಲ. ನೀವು ಎಲ್ಲರೆದುರು ಅಂತೀರಾ ಅಂತ.”

ದರ್ಜಿಯ ಹೆಂಡತಿ ಅಳಲಿಲ್ಲ, ಬೈಯಲೂ ಇಲ್ಲ. ಫೈಲು ಮೇಜಿನ ಮೇಲಿಟ್ಟು ಹೋದಳು.

ತೂಕದಕ್ಕ ತಕ್ಕಡಿಯ ಹಿಂದೆ ಬಗ್ಗಿ ನೋಡಿದಳು. ಕಟ್ಟೆಯ ಬಣ್ಣ ಅಂಗೈಯಗಲ ಸವೆದು ಸಿಮೆಂಟು ಕಾಣುತ್ತಿತ್ತು. ಒಬ್ಬನ ಕೈ ಮೂರು ವಾರದಲ್ಲಿ ಮಾಡುವ ಸವೆತವಲ್ಲ ಅದು, ಹಲವು ವರ್ಷದ್ದು.

ಮುಂದಿನ ಸರದಿಯ ಅಜ್ಜಿ ಹತ್ತಿ ನಿಂತಿದ್ದಳು.

“ಕೈ ತೆಗೀರಿ ಅಜ್ಜಿ. ನಾನಿನ್ನು ಏನೂ ಅನ್ನಲ್ಲ.”

“ಯಾವ ಕೈ ಅಕ್ಕಾ?” ಎಂದು ಅಜ್ಜಿ ಎರಡೂ ಕೈ ಮುಂದೆ ಚಾಚಿ ತೋರಿಸಿ, ತೂಕದಕ್ಕ ಅತ್ತ ತಿರುಗಿದ ಕೂಡಲೇ ಹಿಂದಕ್ಕೆ ಒಯ್ದಳು.

ತಕ್ಕಡಿ ಒಂದು ಕಿಲೋ ಹೆಚ್ಚು ಎಂದಿತು. ಯಂತ್ರದ ಮುಂದೆ ನಿಂತ ತೂಕದಕ್ಕನಿಗೆ ಎಷ್ಟು ಒತ್ತಬೇಕೆಂದು ತಿಳಿಯಲಿಲ್ಲ.