ನೂರ ಇಪ್ಪತ್ತು ಬಡಿತ

ಗುಬ್ಬಿ ಎಂದು ಹೆಸರಿಟ್ಟವರು ನರ್ಸಿಂಗ್ ಕಾಲೇಜಿನವರು. ನಾಲ್ಕು ಅಡಿ ಹತ್ತಂಗುಲದ ಹುಡುಗಿಗೆ ಇನ್ನೇನು ಇಟ್ಟಾರು? ಹೆರಿಗೆ ಮಾಡಿಸುವ ವಿದ್ಯೆಗೆ ಎತ್ತರ ಯಾಕೆ ಬೇಕು ಎಂದು ಅವಳು ಎರಡು ವರ್ಷ ಧೈರ್ಯವಾಗಿಯೇ ಇದ್ದಳು. ಹೋದ ತಿಂಗಳು ಮಹಾನಗರದ ದೊಡ್ಡಾಸ್ಪತ್ರೆಗೆ ಒಂದು ವಾರ ನೋಡಿ ಕಲಿಯಲು ಕಳಿಸಿದರು ನೋಡಿ, ಆ ಧೈರ್ಯ ಅಲ್ಲಿಗೆ ಮುಗಿಯಿತು. ಒಂದು ಮಂಚದ ಸುತ್ತ ಹತ್ತು ಜನ ಕಲಿಯುವವರು. ಮೂರನೇ ಸಾಲಿನಲ್ಲಿ ನಿಂತ ಗುಬ್ಬಿಗೆ ವಾರವಿಡೀ ಕಂಡದ್ದು ಒಬ್ಬ ಡಾಕ್ಟರ ಬೆನ್ನು ಮತ್ತು ಅವರ ಎಡಗಿವಿ. ಆ ಕಿವಿಯನ್ನು ಈಗಲೂ ಎಲ್ಲಿ ಕಂಡರೂ ಗುರುತು ಹಿಡಿದಾಳು.

ಈಗ ಕೊನೆಯ ವರ್ಷ. ವರ್ಷದೊಳಗೆ ಸ್ವಂತ ಕೈಯಲ್ಲಿ ನಲವತ್ತು ಹೆರಿಗೆ ಮಾಡಿಸದಿದ್ದರೆ ಸರ್ಟಿಫಿಕೇಟು ಇಲ್ಲ; ಮತ್ತೆ ಒಂದು ವರ್ಷ. ಎಲ್ಲಿಗೆ ಹೋಗುತ್ತೀರಿ ಎಂದು ಫಾರ್ಮಿನಲ್ಲಿ ಎರಡು ಚೌಕ. ಒಂದು ಅದೇ ದೊಡ್ಡಾಸ್ಪತ್ರೆ. ಇನ್ನೊಂದು, ಬಸ್ಸು ಕೊನೆಯಾಗುವ ಗುಡ್ಡದ ಮೇಲಿನ ಆರು ಹಾಸಿಗೆಯ ಆಸ್ಪತ್ರೆ. ಶನಿವಾರ ನಾಲ್ಕು ಗಂಟೆಯೊಳಗೆ ಫಾರ್ಮು ಆಫೀಸಿನಲ್ಲಿರಬೇಕು.

ಅಣ್ಣ ಸಿಮೆಂಟಿನ ಅಂಗಡಿಯಲ್ಲಿ ಗುಮಾಸ್ತ. ಜಗತ್ತಿನ ಯಾವ ಸಮಸ್ಯೆಯೂ ಎರಡು ಕಾಲಮ್ಮಿಗೆ ಬಗ್ಗದೆ ಇರದು ಎಂದು ನಂಬಿದವನು. ಅಂಗಡಿಯ ಹಾಳೆಯ ಹಿಂಬದಿಯಲ್ಲಿ ಗೆರೆ ಎಳೆದ. ದೊಡ್ಡಾಸ್ಪತ್ರೆಗೆ ಹನ್ನೊಂದು ಅಂಶ: ಚಿಕ್ಕಮ್ಮನ ಮನೆ ಹತ್ತಿರ, ಎಲ್ಲ ಯಂತ್ರಗಳಿವೆ, ಲಿಫ್ಟ್ ಕೂಡ ಇದೆ. ಗುಡ್ಡದ ಆಸ್ಪತ್ರೆಗೆ ಎರಡು: ಗಾಳಿ ಚೆನ್ನಾಗಿದೆ; ಎರಡನೆಯದು ಇನ್ನೂ ಹೊಳೆದಿಲ್ಲ.

ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಅಮ್ಮ ತಲೆ ಎತ್ತಲಿಲ್ಲ. "ಚಿಕ್ಕಮ್ಮನ ಮನೆ ಇದ್ದ ಮೇಲೆ ಇನ್ನೇನು ಯೋಚನೆ? ಗುಡ್ಡದಲ್ಲಿ ನಿನ್ನ ಯಾರು ಕೇಳ್ತಾರೆ?"

"ಒಂದ್ಸಲ ನೋಡ್ಕೊಂಡು ಬರ್ತೀನಮ್ಮ."

"ನಾನೂ ಬರ್ತೀನಿ," ಎಂದ ಅಣ್ಣ. "ದಾರಿ ನಂಗೆ ಗೊತ್ತು."

ಗೊತ್ತಿರಲಿಲ್ಲ. ಗುರುವಾರ ಬೆಳಿಗ್ಗೆ ಐದು ಗಂಟೆಯ ಬಸ್ಸು ಹತ್ತಿಸಿ, ಪೂರ್ತಿ ಭರವಸೆಯಿಂದ ಒಂದು ಸ್ಟಾಪ್ ಮೊದಲೇ ಇಳಿಸಿದ. ಆಮೇಲೆ ಅಣ್ಣ-ತಂಗಿ ಏರಿನಲ್ಲಿ ಓಡಿದರು. ಗುಡ್ಡದ ಆಸ್ಪತ್ರೆಯ ಹಿರಿಯ ಸಿಸ್ಟರ್ ಕೊಟ್ಟ ಸಮಯ ಹನ್ನೊಂದು. ಗುಬ್ಬಿ ಬಾಗಿಲಿಗೆ ಬಂದಾಗ ಹನ್ನೊಂದೂ ಹತ್ತು. ಅಣ್ಣ ಹೊರಗಿನ ಬೆಂಚಿನ ಮೇಲೆ ಮೂಟೆಯಂತೆ ಕುಸಿದ.

ಒಳಗೆ ತುಂಬು ಬಸುರಿಯೊಬ್ಬಳು ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ಊರಿಗೆಲ್ಲ ಅಂಚೆ ಹಂಚುವವಳು, ಇದು ಮೂರನೆಯದು. ಸಿಸ್ಟರ್ ಅರವತ್ತರ ಹತ್ತಿರದ ಹೆಂಗಸು. ಕುಶಲ ಗಿಶಲ ಏನೂ ಇಲ್ಲ. ಗುಬ್ಬಿಯ ಕೈಗೆ ತುತ್ತೂರಿಯಂಥ ಒಂದು ಮರದ ಕೊಳವೆ ಇಟ್ಟರು.

"ಮಗು ಎದೆಬಡಿತ ಕೇಳಿ ಹೇಳು."

"ಸಿಸ್ಟರ್, ಯಂತ್ರ...?"

"ಇದೆ. ಮೊದಲು ಕಿವಿ."

"ಕೇಳು ಕೇಳು," ಎಂದಳು ಅಂಚೆಯವಳು. "ಒಳಗಿರೋರು ಏನೂ ಅಂದ್ಕೊಳಲ್ಲ."

ಗುಬ್ಬಿ ಕೊಳವೆಯ ಅಗಲದ ಬಾಯನ್ನು ಹೊಟ್ಟೆಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಇಟ್ಟು, ಗಡಿಯಾರ ನೋಡುತ್ತ ಒಂದು ನಿಮಿಷ ಎಣಿಸಿದಳು. ಸ್ಪಷ್ಟವಾಗಿಯೇ ಕೇಳಿಸಿತು. ಪುಸ್ತಕದ ಪ್ರಕಾರ ನೂರ ಹತ್ತರಿಂದ ನೂರ ಅರವತ್ತರೊಳಗಿದ್ದರೆ ಮಗು ಕ್ಷೇಮ.

"ನೂರ ಇಪ್ಪತ್ತು, ಸಿಸ್ಟರ್!"

ಸಿಸ್ಟರ್ ಹೊಟ್ಟೆಯನ್ನು ಎರಡು ಕೈಯಲ್ಲಿ ಮೆಲ್ಲಗೆ ತಡವಿ, ಕೊಳವೆಯನ್ನು ಇನ್ನೊಂದು ಪಕ್ಕಕ್ಕಿಟ್ಟು ಕೇಳಿದರು. "ನೂರ ನಲವತ್ನಾಲ್ಕು." ಆಮೇಲೆ ಅಂಚೆಯವಳ ಮಣಿಕಟ್ಟು ಹಿಡಿದರು. "ಇವಳದ್ದು ಎಂಬತ್ತು." ಕೊನೆಗೆ ಗುಬ್ಬಿಯ ಮಣಿಕಟ್ಟು ಹಿಡಿದು, ಗಡಿಯಾರ ನೋಡಿ, ನಿಧಾನಕ್ಕೆ ನಕ್ಕರು.

"ಮಗಳೇ, ನೀನು ಎಣಿಸಿದ್ದು ನಿನ್ನನ್ನೇ. ಓಡಿ ಬಂದ್ಯಾ?"

ನೆಲ ಬಾಯಿ ಬಿಡಬಾರದೇ ಅನ್ನಿಸಿತು ಗುಬ್ಬಿಗೆ. ಅಂಚೆಯವಳು ನಗುವಾಗ ಹೊಟ್ಟೆಯೂ ಕುಣಿಯಿತು. "ಪಾಪ, ನಂಗಿಂತ ಇವಳಿಗೇ ಹೆರಿಗೆ ಬೇಗ ಆಗೋ ಹಾಗಿದೆ!"

"ದೊಡ್ಡಾಸ್ಪತ್ರೇಲಿ ಯಂತ್ರ ಸರಿಯಾದ ಸಂಖ್ಯೆ ತೋರಿಸ್ತಿತ್ತು," ಎಂದರು ಸಿಸ್ಟರ್. "ನಿಂಗೆ ಕೇಳೋಕೆ ಬರಲ್ಲ ಅನ್ನೋದು ಮಾತ್ರ ಯಾರಿಗೂ ತಿಳೀತಿರಲಿಲ್ಲ. ಬಾ, ಕೈ ಇಡು. ಇಲ್ಲಿ ಗಟ್ಟಿಯಾಗಿದೆಯಲ್ಲ, ಇದು ಮಗು ಬೆನ್ನು. ಅದರ ಭುಜದ ಹತ್ತಿರ ಕೊಳವೆ ಇಡು. ಇನ್ನೊಂದು ಕೈಯಲ್ಲಿ ತಾಯಿ ನಾಡಿ ಹಿಡ್ಕೋ. ಮೊದಲು ನೀನು ಉಸಿರಾಡು."

ಗುಬ್ಬಿ ಉಸಿರಾಡಿದಳು. ಮೊದಲು ಏನೂ ಇಲ್ಲ. ಆಮೇಲೆ ದೂರದಲ್ಲಿ, ಅವಳ ಗಡಿಬಿಡಿಗೆ ಸಂಬಂಧವೇ ಇಲ್ಲದ ಒಂದು ಸದ್ದು, ಪಕ್ಕದ ಕೋಣೆಯಲ್ಲಿ ಯಾರೋ ಬಾಗಿಲು ಮುಚ್ಚಿಕೊಂಡು ಹೊಲಿಗೆ ಯಂತ್ರ ತುಳಿಯುತ್ತಿರುವಂತೆ. ಎಣಿಸುವುದನ್ನೇ ಮರೆತಳು.

ಹೊರಡುವಾಗ ಕೇಳಿದಳು, "ತಿಂಗಳಿಗೆ ಎಷ್ಟು ಹೆರಿಗೆ, ಸಿಸ್ಟರ್?"

"ಏಳು. ಕಲಿಯೋರು ಇಬ್ಬರು."

ಬಸ್ಸಿನಲ್ಲಿ ಅಣ್ಣ ಟಿಕೆಟಿನ ಹಿಂದೆ ಲೆಕ್ಕ ಹಾಕಿದ. "ವರ್ಷಕ್ಕೆ ಎಂಬತ್ನಾಲ್ಕು. ನಿನ್ನ ಪಾಲಿಗೆ ನಲವತ್ತೆರಡು. ಎರಡೇ ಜಾಸ್ತಿ ಕಣೇ! ಅದರಲ್ಲಿ ಮೂರು ಜನ ಬೇರೆ ಊರಿಗೆ ಹೋಗಿ ಹೆತ್ರೆ ನಿನ್ನ ಗತಿ?"

"ಮನೆಮನೆಗೆ ಹೋಗಿ ಬೇಡ್ಕೋತೀನಿ," ಎಂದಳು ಗುಬ್ಬಿ. ತಮಾಷೆ ಮಾಡಿದಳೇ ಹೊರತು ಟಿಕೆಟಿನ ಲೆಕ್ಕವನ್ನು ತಾನೂ ಇನ್ನೊಮ್ಮೆ ಕೂಡಿ ನೋಡಿದಳು. ದೊಡ್ಡಾಸ್ಪತ್ರೆಯಲ್ಲಿ ಸಾಲು ಸರಿದಂತೆ ನಲವತ್ತು ಹೇಗೋ ತುಂಬುತ್ತದೆ. ಅಲ್ಲಿಗೆ ಹೋಗಿ ಯಾರೂ ಫೇಲಾದದ್ದಿಲ್ಲ.

ಮನೆಯಲ್ಲಿ ಅಣ್ಣ ಇಡೀ ಕಥೆಯನ್ನು ಅಭಿನಯಿಸಿ ತೋರಿಸಿದ, ಒಂದು ಸ್ಟಾಪ್ ಮೊದಲು ಇಳಿಸಿದ್ದನ್ನು ಬಿಟ್ಟು. ಅಮ್ಮ ನಗಲಿಲ್ಲ. "ಸದ್ದು ಹೇಗಿತ್ತು?" ಎಂದಷ್ಟೇ ಕೇಳಿದಳು.

"ನಿನ್ನ ಮಿಷನ್ ಥರಾನೇ ಅಮ್ಮ. ಬಾಗಿಲಾಚೆ ಕೇಳಿದ ಹಾಗೆ."

ಅಮ್ಮ ತುಳಿಯುವುದನ್ನು ನಿಲ್ಲಿಸಿದಳು. ಅರ್ಧ ಹೊಲಿದಿದ್ದ ಬಟ್ಟೆ ಪಕ್ಕಕ್ಕೆ ಸರಿಸಿ, ದಪ್ಪ ಉಣ್ಣೆಯ ಬಟ್ಟೆಯೊಂದನ್ನು ಹಾಸಿ ಅಳತೆ ಟೇಪು ತೆಗೆದಳು. "ಗುಡ್ಡದಲ್ಲಿ ಚಳಿ ಇರುತ್ತೆ. ನಿಂತ್ಕೋ, ತೋಳು ಎತ್ತು."

ಶನಿವಾರ ಮೂರೂವರೆಗೆ ಕಾಲೇಜು ಆಫೀಸಿನ ಗುಮಾಸ್ತ ಫಾರ್ಮು ನೋಡಿ ಕನ್ನಡಕ ಏರಿಸಿದ. "ಎರಡನೇ ಚೌಕಕ್ಕೆ ಗುರುತು ಹಾಕಿದೀಯ. ಒಬ್ಬರನ್ನ ಬಿಟ್ರೆ ಎಲ್ರೂ ಮೊದಲನೇದಕ್ಕೇ ಹಾಕಿರೋದು. ಗಾಬರೀಲಿ ತಪ್ಪಿದೆಯೇನಮ್ಮ?"

ಗುಬ್ಬಿ ಮೇಜಿನ ಕೆಳಗೆ ತನ್ನ ಮಣಿಕಟ್ಟು ಹಿಡಿದು, ಗೋಡೆಯ ಗಡಿಯಾರ ನೋಡಿದಳು. ಅವನು ಒಂದು ನಿಮಿಷ ಕಾಯಬೇಕಾಯಿತು.

"ಎಪ್ಪತ್ತಾರು," ಎಂದಳು. "ಗಾಬರಿ ಇಲ್ಲ ಸಾರ್. ಸೀಲು ಹಾಕಿ."