ಅಂಗನವಾಡಿ ಗೋಡೆಯ ತಾಯಿ

ಗಾಳಿ, ದೃಷ್ಟಿ, ಮಾಟ ಅನ್ನುವವರನ್ನು ಕಂಡರೆ ನಾನು ಅವರ ಮುಖದೆದುರೇ ನಗುತ್ತಿದ್ದೆ. ಈಗಲೂ ಪೂರ್ತಿ ನಂಬುತ್ತೇನೆ ಅಂತ ಹೇಳಲಾರೆ. ಆದರೆ ಆದದ್ದು ಆಯಿತು, ಇದ್ದದ್ದು ಇದ್ದಂತೆ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆ. ಆದಿವಾಲದ ಕಡೆ ಒಂದು ಅಂಗನವಾಡಿಯಲ್ಲಿ ಅಡುಗೆಗೆ ಇದ್ದೆ. ನನಗೆ ಮಕ್ಕಳಾಗಲಿಲ್ಲವೆಂದು ನನ್ನ ಗಂಡ ನನ್ನ ತಂಗಿ ಗಂಗಮ್ಮನನ್ನೇ ಕಟ್ಟಿಕೊಂಡಿದ್ದ. ಅವಳಿಗೆ ಏಳು ತಿಂಗಳ ಗಂಡು ಕೂಸು. ಒಂದೇ ಮನೆ, ಒಂದೇ ಒಲೆ.

ಅಂಗನವಾಡಿ ಗೋಡೆಗೆ ಹಾಲೂಡುವ ತಾಯಿಯ ಚಿತ್ರ ಬರೆಯಲು ಹೊಸದುರ್ಗದಿಂದ ಪೇಂಟರ್ ಬಂದ. ಅವನ ಹತ್ತಿರ ಚಿತ್ರದ ಪುಸ್ತಕವೊಂದಿತ್ತು. ಯಶೋದೆ, ಮೇರಿಯಮ್ಮ, ಯಾವುದೋ ದೇಶದ ಕರಿಮರದ ಗೊಂಬೆ, ಎಲ್ಲರ ತೊಡೆಯ ಮೇಲೂ ಕೂಸು. ಬರಿಮಡಿಲಿನವಳನ್ನು ಯಾವ ದೇಶದವನೂ ಬರೆದಿರಲಿಲ್ಲ.

ನೋಡಿ ಬರೆಯಲು ಅವನು ಗಂಗಮ್ಮನನ್ನೇ ಕೂರಿಸಿದ. ನೀರಿಗೆ ಹೊರಟಿದ್ದ ಹೆಂಗಸೊಬ್ಬಳು, "ಯಾಕ್ರಿ ಪೇಂಟ್ರೆ, ದೊಡ್ಡೋಳ್ನೂ ಬರೀರಿ" ಅಂದಳು. ಜೊತೆಯವಳು, "ಅವಳ ತೊಡೆ ಮ್ಯಾಲೆ ಏನಿಡ್ತಾರೆ, ಸೌಟಾ?" ಅಂದಳು. ಗಂಗಮ್ಮನೂ ಕಿಸಕ್ಕನೆ ನಕ್ಕಳು. ಅದನ್ನೇ ನನಗೆ ತಡೆಯಲಾಗಲಿಲ್ಲ.

ಮಧ್ಯಾಹ್ನ ಪೇಂಟರ್ ಊಟಕ್ಕೆ ಹೋದಾಗ, ಅವನದೇ ಸೀಮೆಎಣ್ಣೆ ಬಟ್ಟೆಯಿಂದ ಚಿತ್ರದ ತಾಯಿಯ ಮುಖ ಒರೆಸಿಬಿಟ್ಟೆ. ಕೂಸನ್ನು ಮುಟ್ಟಲಿಲ್ಲ.

ಮನೆಗೆ ಹೋದರೆ ಕೂಸು ಕಿರುಚುತ್ತಿತ್ತು. ಗಂಗಮ್ಮ ಎತ್ತಿಕೊಂಡರೆ ಗುರುತಿಲ್ಲದವಳನ್ನು ಕಂಡಂತೆ ಹೆದರಿ ಹಿಂದಕ್ಕೆ ಬಾಗುತ್ತಿತ್ತು. ಮೊಲೆ ಬಾಯಿಗಿಟ್ಟರೆ ಮುಖ ತಿರುಗಿಸುತ್ತಿತ್ತು. ನಾನು ಕೈ ಚಾಚಿದೆ. ಬಂದುಬಿಟ್ಟಿತು! ನನ್ನ ಕತ್ತಿಗೆ ಮುಖವೊತ್ತಿ ನಿದ್ದೆ ಹೋಯಿತು. ನನಗೆ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಎರಡು ದಿನ ಹಾಗೇ. ಹಿರಿಯೂರಿನ ಡಾಕ್ಟರು ಬಾಯಿ, ಕಿವಿ ಎಲ್ಲ ನೋಡಿ ಏನೂ ಇಲ್ಲವೆಂದರು. ಹಾಲು ಕಟ್ಟಿ ಗಂಗಮ್ಮನಿಗೆ ಜ್ವರ ಬಂತು. ಒಳಲೆಯಲ್ಲಿ ಹಾಕಿದ ಹಸುವಿನ ಹಾಲೂ ಇಳಿಯದೆ ಕೂಸು ನನ್ನ ತೊಡೆಯ ಮೇಲೆಯೇ ಬಾಡತೊಡಗಿತು.

"ಅಕ್ಕಾ, ನೀನೇ ಇಟ್ಕಳೇ. ಹೆಂಗಾದ್ರೂ ಉಳಿಸ್ಕಳೇ" ಅಂತ ಗಂಗಮ್ಮ ಅತ್ತಳು.

ನನಗೆ ಬೇಕಾಗಿದ್ದ ಮಾತೇ ಅದು. ಆದರೂ ಕೂಸನ್ನು ಅವಳ ಪಕ್ಕದಲ್ಲಿ ಮಲಗಿಸಿ ಅಂಗನವಾಡಿಗೆ ಹೋದೆ. ಚಿತ್ರ ಕೆಡಿಸಿದವರನ್ನು ಬೈದುಕೊಳ್ಳುತ್ತಾ ಪೇಂಟರ್ ಬೇರೆ ಗೋಡೆ ಹಿಡಿದಿದ್ದ.

"ಒರೆಸಿದ್ದು ನಾನೇ. ಮೊದ್ಲು ಅವಳ ಮುಖ ಬರೀರಿ" ಅಂದೆ.

ನನ್ನನ್ನೊಮ್ಮೆ ನೋಡಿದ. ಕುಂಚ ತೊಳೆದುಕೊಂಡು ಬಂದು ಬರೆದ.

ವಾಪಸು ಬಂದಾಗ ಕೂಸು ಗಂಗಮ್ಮನ ಎದೆ ಕಚ್ಚಿಕೊಂಡು ಕುಡಿಯುತ್ತಿತ್ತು. ನಾನು ಕರೆದರೆ ತಿರುಗಿಯೂ ನೋಡಲಿಲ್ಲ.

ಗೋಡೆಯ ಬಣ್ಣಕ್ಕೂ ಹಸುಗೂಸಿಗೂ ಏನು ಸಂಬಂಧ, ನನಗೆ ತಿಳಿಯದು. ಆ ಕೂಸು ಈಗ ಮೀಸೆ ಹೊತ್ತ ಗಂಡಸು, ನನ್ನನ್ನು ದೊಡ್ಡವ್ವ ಅನ್ನುತ್ತಾನೆ. ಆ ಎರಡು ದಿನ ಅವನು ನನ್ನಲ್ಲಿ ಯಾರನ್ನು ಕಂಡಿದ್ದನೋ, ಇವತ್ತಿಗೂ ಗೊತ್ತಾಗಿಲ್ಲ.