ದೀಪ ಹಿಡಿದ ಅಕ್ಕನ ಕಥೆ

ನನ್ನ ಮೊಮ್ಮಗಳಿಗೆ ಕಥೆ ಹೇಳುವ ಸ್ಪರ್ಧೆಯಲ್ಲಿ ಮೊದಲನೇ ಬಹುಮಾನ ಬಂತು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮುಂದಕ್ಕೆ ನನ್ನ ಕೈ ಓಡುವುದಿಲ್ಲ. ಐದನೇ ಕ್ಲಾಸಿನ ಹುಡುಗಿ, ಹೊಸಕೋಟೆಯಲ್ಲಿ ಅಷ್ಟು ಶಾಲೆಯವರ ಮುಂದೆ, ಮೈಕು ಎಟುಕದೆ ಸ್ಟೂಲಿನ ಮೇಲೆ ನಿಂತು ಹೇಳಿದಳು. ಅವತ್ತಿನಿಂದ ರೇಷನ್ ಅಂಗಡಿಯಲ್ಲಿ, ಬಸ್ಸಿನಲ್ಲಿ, ಪಕ್ಕದಲ್ಲಿ ಕೂತ ಗುರುತಿಲ್ಲದವರಿಗೂ ಹೇಳಿ ಮುಗಿಸಿದ್ದೇನೆ. ಡೈರಿಯಲ್ಲಿ ಹಾಲು ಅಳೆಯುವಾತ ನನ್ನ ಕ್ಯಾನು ಕಂಡ ಕೂಡಲೇ, "ಗೊತ್ತಾಯ್ತು ಬಿಡಜ್ಜಿ, ಫಸ್ಟ್ ಪ್ರೈಜು" ಅನ್ನುತ್ತಾನೆ.

ನಾನು ಓದಿದ್ದು ಮೂರನೇ ಕ್ಲಾಸು. ಅವಳ ಹೋದ ವರ್ಷದ ನೋಟ್ ಪುಸ್ತಕದಲ್ಲಿ ಉಳಿದ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಒತ್ತಕ್ಷರ ತಪ್ಪಿದ ಕಡೆ ಅವಳೇ ತಿದ್ದುತ್ತಾಳೆ. ಅಂದಮೇಲೆ ಅವಳು ಇದನ್ನು ಓದುತ್ತಾಳೆ ಅಂತ ತಿಳಿದೇ ಬರೆಯುತ್ತಿದ್ದೇನೆ.

ಅವಳು ಹೇಳಿದ ಕಥೆ ನನ್ನದು. ನನ್ನದು ಅಂದರೆ ನನ್ನ ಅತ್ತೆ ನನಗೆ ಹೇಳಿದ್ದು, ಅವರಿಗೆ ಅವರ ಅತ್ತೆ ಹೇಳಿದ್ದು. ಒಂದೂರಿನಲ್ಲಿ ಒಬ್ಬ ಅಕ್ಕ, ಒಬ್ಬ ತಮ್ಮ. ತಮ್ಮ ಸಂಜೆ ಓದಲು ಕೂತರೆ ಅಕ್ಕ ಅಂಗೈ ಮೇಲೆ ದೀಪ ಹಿಡಿದು ನಿಲ್ಲುತ್ತಿದ್ದಳು. ಹಣತೆ ಕಾದು ಅಂಗೈ ಸುಟ್ಟರೂ, ತಮ್ಮನ ಓದು ಕೆಟ್ಟೀತು ಅಂತ ತುಟಿ ಬಿಚ್ಚುತ್ತಿರಲಿಲ್ಲ. ತಮ್ಮ ಓದಿ ಓದಿ ದಿವಾನನಾದ. ದೇವಿ ಮೆಚ್ಚಿ ಅಕ್ಕನ ಸುಟ್ಟ ಅಂಗೈಯನ್ನು ಚಿನ್ನ ಮಾಡಿದಳು. ಇಷ್ಟೇ ಕಥೆ. ನಾವು ಕಥೆ ಹೇಳುವಾಗ ಕೇಳುವವರು ಮಾತುಮಾತಿಗೆ ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ನನ್ನ ಮಗಳ ಹಾಗೆ ಹೂಂಗುಟ್ಟುವ ಮಕ್ಕಳನ್ನು ನಾನು ನೋಡಿಲ್ಲ. ಎಷ್ಟು ಹೊತ್ತು ಕಥೆ ಹೇಳಿದರೂ ಕಣ್ಣು ಮುಚ್ಚದೆ ಕೇಳುವವಳು.

ಆ ಮಗಳಿಗೆ ನಾನು ಕಥೆಯನ್ನು ಬರೀ ಕಥೆ ಅಂತ ಹೇಳಲಿಲ್ಲ. ಹಾಲಿನ ಕೆನೆ ಅವಳ ತಮ್ಮನ ಲೋಟಕ್ಕೆ ಹೋದಾಗ ಅವಳು ಮುಖ ಸಣ್ಣ ಮಾಡಿದರೆ ಈ ಕಥೆ. ಅವನು ಆಡಲು ಹೋಗಿ ಅವಳು ನೀರು ಸೇದಬೇಕಾದಾಗ ಈ ಕಥೆ. ಬರುಬರುತ್ತಾ ಪೂರ್ತಿ ಹೇಳಬೇಕಾಗಿಯೂ ಇರಲಿಲ್ಲ. 'ದೀಪ ಹಿಡಿದ ಅಕ್ಕ' ಅಂದರೆ ಸಾಕು, ಕೊಡ ಎತ್ತಿಕೊಂಡು ಹೋಗುತ್ತಿದ್ದಳು.

ಈಗ ಮೊಮ್ಮಗಳು ಸ್ಪರ್ಧೆಗೆಂದು ಅದೇ ಕಥೆ ಕಲಿಯಲು ದಸರೆ ರಜಕ್ಕೆ ನನ್ನ ಹತ್ತಿರ ಬಂದಳು. ಜೊತೆಗೆ ಬಂದಿದ್ದ ಅವಳ ತಾಯಿ, ನನ್ನ ಮಗಳು, ನಡುಮನೆಯಲ್ಲಿ ಕೂತು ಹುರುಳಿ ಆರಿಸುತ್ತಿದ್ದಳು. ನಾನು ಹೇಳುತ್ತಾ ಅಂಗೈ ಸುಡುವ ಕಡೆಗೆ ಬಂದಾಗ ಹುಡುಗಿಯ ಹೂಂ ನಿಂತಿತು.

"ಅಜ್ಜಿ, ಅವ್ರ ಮನೇಲಿ ಗೋಡೇಲಿ ಮಾಡ ಇರ್ಲಿಲ್ವಾ?"

ಯಾವ ಮಾಡ ಅಂದೆ.

"ನಿಮ್ಮನೇಲಿ ಐತಲ್ಲ, ದೀಪ ಇಡೋದು, ನಾನು ಕ್ಲಿಪ್ಪು ಇಡ್ತೀನಲ್ಲ, ಅದು. ದೀಪ ಅಲ್ಲಿಟ್ಬಿಟ್ಟು ಅವ್ಳೂ ಕೂತ್ಕೊಂಡು ಓದ್ಬೋದಿತ್ತಲ್ಲ."

ಮೊರದಲ್ಲಿ ಹುರುಳಿಯ ಸದ್ದು ನಿಂತಿತು. ಆಮೇಲೆ ಮತ್ತೆ ಶುರುವಾಯಿತು. ಕಥೆಗೆ ಕಾಲಿಲ್ಲ ಕಣವ್ವ, ಹೇಳಿಕೊಟ್ಟಿದ್ದು ಕಲಿ ಅಂತ ಗದರಿ ನಾನು ಎದ್ದು ಹಿತ್ತಲಿಗೆ ಹೋದೆ. ಮಾಡ ಇದ್ದ ಗೋಡೆಯ ಕಡೆ ಅವತ್ತು ತಲೆ ಎತ್ತಿ ನೋಡಲಿಲ್ಲ. ಆ ಮಾಡದಲ್ಲಿ ಒಂದು ಕಾಲದಲ್ಲಿ ಏನಿತ್ತು ಅಂತ ನನಗೂ ನನ್ನ ಮಗಳಿಗೂ ಮಾತ್ರ ಗೊತ್ತು.

ಆಗ ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದೆವು. ಹುಳ ಹಣ್ಣಾದರೆ, ಅಂದರೆ ಸೊಪ್ಪು ಬಿಟ್ಟು ಮೈ ಹಳದಿಯಾಗಿ ತಲೆ ಎತ್ತಿ ಆಡಿಸತೊಡಗಿದರೆ, ಕಾಯುವ ಹಾಗಿಲ್ಲ. ಒಂದೊಂದನ್ನೇ ನೋಯದ ಹಾಗೆ ಆಯ್ದು, ನೂಲು ಸುತ್ತಿಕೊಳ್ಳಲು ಚಂದ್ರಿಕೆ ಅನ್ನುವ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಹುಳ ಮೇಯುವ ತಟ್ಟೆಯ ಸೊಪ್ಪಿನಲ್ಲೇ ಸುತ್ತಿಕೊಂಡು ಬೆಳೆ ಕೆಡುತ್ತದೆ. ಮಗಳು ಎಸ್ಸೆಸ್ಸೆಲ್ಸಿ. ಪರೀಕ್ಷೆಯ ದಿನ ಬೆಳಗ್ಗೆಯೇ ಹುಳ ಹಣ್ಣಾದವು.

ನಾನೂ ಯಜಮಾನರೂ ಆಯುತ್ತಿದ್ದೆವು. ಕೈ ಸಾಲದು. ಅವಳು ಎರಡು ಜಡೆ ಹಾಕಿ, ಹಾಲ್ ಟಿಕೆಟ್ ಹಿಡಿದು ಬಾಗಿಲಲ್ಲಿ ನಿಂತಳು.

"ಅಮ್ಮಾ, ಬರ್ದು ಮಧ್ಯಾಹ್ನದ ಬಸ್ಸಿಗೇ ಬಂದ್ಬಿಡ್ತೀನಿ. ಆಮೇಲೆ ಮಿಕ್ಕಿದ್ದೆಲ್ಲ ನಾನೇ ಆಯ್ತೀನಿ."

ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. "ದೀಪ ಹಿಡಿದ ಅಕ್ಕನ್ನ ನೆನೆಸ್ಕೋ" ಅಂದೆ.

ಅವಳು "ಹೂಂ" ಅಂದಳು, ಚಿಕ್ಕವಳಿದ್ದಾಗ ಕಥೆಗೆ ಅನ್ನುತ್ತಿದ್ದ ಹಾಗೆಯೇ. ಹಾಲ್ ಟಿಕೆಟನ್ನು ಮಾಡದಲ್ಲಿ ದೀಪದ ಕೆಳಗೆ ಇಟ್ಟು, ಲಂಗ ಮೇಲೆ ಸಿಕ್ಕಿಸಿ, ನನ್ನ ಎದುರಿಗೆ ಕೂತಳು.

ಅವಳ ತಮ್ಮನಿಗೆ ಆಗ ಹದಿಮೂರು. ಅವನ ಶಾಲೆಗೆ ರಜ. ನಡುಮನೆಯಲ್ಲಿ ಕಂಬಳಿ ಹೊದ್ದು ಮಲಗಿದ್ದ. ತಟ್ಟೆ ಹೊತ್ತುಕೊಂಡು ನಾನು ಅವನನ್ನು ಎರಡು ಸಲ ದಾಟಿದೆ. ಗಂಡು ಹುಡುಗರ ಕೈ ಒರಟು, ಹುಳ ಹಿಸುಕಿಬಿಡುತ್ತಾರೆ ಅಂತ ಆಮೇಲೆ ನನಗೆ ನಾನೇ ಹೇಳಿಕೊಂಡೆ. ನಿಜ ಅದಲ್ಲ. ಅವನನ್ನು ಎಬ್ಬಿಸಬಹುದು ಅನ್ನುವುದೇ ನನಗೆ ಹೊಳೆಯಲಿಲ್ಲ. ಪಕ್ಕದ ಮನೆಯ ಓರಗಿತ್ತಿಯನ್ನು ಮುಯ್ಯಾಳಿಗೆ ಕರೆಯಬಹುದಿತ್ತು. ಇವತ್ತು ಅವಳು ನಮಗೆ, ನಾಳೆ ನಾವು ಅವಳಿಗೆ. ಅದು ಹೊಳೆಯಿತು. ಆದರೆ ಒಂದು ಕೋಳಿಯ ಜಗಳಕ್ಕೆ ಅವಳ ಹತ್ತಿರ ಮಾತು ಬಿಟ್ಟಿದ್ದೆ. ಮಗಳ ಪರೀಕ್ಷೆಗಿಂತ ನನಗೆ ಆ ಕೋಳಿ ದೊಡ್ಡದಾಯಿತು.

ಆ ಬೆಳೆ ಚೆನ್ನಾಗಿ ಬಂತು. ನೋಡಿದವರೆಲ್ಲ ಹೊಗಳಿದರು. ಫೇಲಾದವರು ಮತ್ತೆ ಬರೆಯುವ ಪರೀಕ್ಷೆ ಬಂದಾಗ ಮನೆಯಲ್ಲಿ ಇನ್ನೊಂದು ಬೆಳೆ ಹುಳವಿತ್ತು. ಅದರ ಮುಂದಿನ ಸಲ ಗಂಡಿನ ಕಡೆಯವರು ಬಂದಿದ್ದರು. ತಮ್ಮ ದಿವಾನನಾಗಲಿಲ್ಲ. ಎಸ್ಸೆಸ್ಸೆಲ್ಸಿ ಎರಡು ಸಲ ಕಟ್ಟಿ ಬಿಟ್ಟ, ಈಗ ತರಕಾರಿ ಟೆಂಪೋ ಓಡಿಸುತ್ತಾನೆ, ಒಳ್ಳೆಯವನೇ. ಮಗಳ ಅಂಗೈಯೂ ಚಿನ್ನವಾಗಲಿಲ್ಲ. ನಂದಗುಡಿ ಕಡೆ ಸೊಸೆಯಾಗಿ ಹೋಗಿ, ಅಲ್ಲಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ದಿನಾ ಶಾಲೆಗೇ ಹೋಗುತ್ತಾಳೆ, ಅಡುಗೆ ಮನೆಗೆ. ಒಂದು ಸಲ ಊರಿನ ಅಂಗನವಾಡಿಗೆ ಟೀಚರ್ ಬೇಕು ಅಂತ ಅರ್ಜಿ ಕರೆದಿದ್ದರಂತೆ, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು ಅಂದರಂತೆ. ಇದನ್ನು ನನಗೆ ಹೇಳಿದ್ದು ಅಳಿಯ, ಅವಳಲ್ಲ.

ಸ್ಪರ್ಧೆಯ ದಿನ ನಾನೂ ಮಗಳೂ ಹೊಸಕೋಟೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ಮೊಮ್ಮಗಳು ಕಣ್ಣು ತಿರುಗಿಸಿ, ಕೈ ಆಡಿಸಿ, ನನಗಿಂತ ಚೆನ್ನಾಗಿ ಹೇಳಿದಳು. ನನ್ನ ಎದೆ ಹಾಲುಕ್ಕಿದ ಹಾಗೆ ಉಕ್ಕುತ್ತಿತ್ತು. ಅಂಗೈ ಸುಡುವ ಕಡೆಗೆ ಬಂದಳು. ಅಕ್ಕ ದೀಪವನ್ನು ಗೋಡೆಯ ಮಾಡದಲ್ಲಿಟ್ಟಳು ಅಂದಳು. ಕೈ ಒರೆಸಿಕೊಂಡು ತಮ್ಮನ ಪಕ್ಕ ಕೂತು, "ಸ್ವಲ್ಪ ಸರ್ಕೊಳೋ, ನಾನೂ ಓದ್ತೀನಿ" ಅಂದಳು ಅಂತ ಹೇಳಿ ಮುಗಿಸಿದಳು. ಜನ ನಕ್ಕರು, ಚಪ್ಪಾಳೆ ಹೊಡೆದರು. ಕಥೆ ಹೇಳಿಕೊಟ್ಟಿದ್ದು ನಮ್ಮಜ್ಜಿ ಅಂತ ಅವಳು ನನ್ನ ಕಡೆ ಕೈ ತೋರಿಸಿದಾಗ ಎಲ್ಲರೂ ತಿರುಗಿ ನೋಡಿದರು. ಮುಂದೆ ಕೂತಿದ್ದ ಮೇಡಂ ಒಬ್ಬರು ನನಗೆ ಕೈ ಮುಗಿದರು. ನಾನೂ ಮುಗಿದೆ. ನನ್ನದಲ್ಲದ ಒಡವೆ ಹಾಕಿಕೊಂಡು ಸಿಕ್ಕಿಬಿದ್ದ ಹಾಗಿತ್ತು. ಆದರೂ ನಗು ತಡೆಯಲಾಗಲಿಲ್ಲ. ಪಕ್ಕದಲ್ಲಿ ಮಗಳು ಚಪ್ಪಾಳೆ ಹೊಡೆಯುತ್ತಿದ್ದಳು, ಎಲ್ಲರೂ ನಿಲ್ಲಿಸಿದ ಮೇಲೂ.

ವಾಪಸು ಬಸ್ಸಿನಲ್ಲಿ ಹುಡುಗಿ ಕಿಟಕಿಯ ಹತ್ತಿರ, ಬಹುಮಾನದ ಸ್ಟೀಲ್ ಡಬ್ಬಿ ತೊಡೆಯ ಮೇಲೆ. ನಡುವೆ ಮಗಳು, ಈ ಕಡೆ ನಾನು. ಇವತ್ತು ಹೇಳದಿದ್ದರೆ ಇನ್ನು ಹೇಳುವುದಿಲ್ಲ ಅನಿಸಿತು.

"ಅವತ್ತು ನಿನ್ನ ತಮ್ಮ ಮನೇಲೇ ಮಲಗಿದ್ದ ಕಣೆ. ನಾನು ಎಬ್ಬಿಸ್ಲಿಲ್ಲ."

"ಗೊತ್ತು. ನಾನೂ ಅವನನ್ನ ದಾಟ್ಕೊಂಡೇ ಅಲ್ವಾ ಒಳಗೆ ಬಂದಿದ್ದು."

"ಲೆಕ್ಕದಲ್ಲಿ ನೀನು ಚುರುಕಿದ್ದೆ. ಅದೊಂದು ಪರೀಕ್ಷೆ ಬರ್ದಿದ್ರೆ..."

ಅವಳು ನನ್ನ ಕಡೆ ತಿರುಗಿದಳು. ಕೋಪವಿರಲಿಲ್ಲ, ಆಶ್ಚರ್ಯವಿತ್ತು. "ಲೆಕ್ಕ ಅಲ್ಲಮ್ಮ, ಕನ್ನಡ. ಮೊದಲ್ನೇ ದಿನದ್ದು. ಅದೇ ಹೋದ್ಮೇಲೆ ಮಿಕ್ಕಿದ್ದಕ್ಕೂ ನಾನು ಹೋಗ್ಲಿಲ್ಲ. ನೀನೂ ಹೋಗು ಅನ್ಲಿಲ್ಲ."

ಇಷ್ಟು ವರ್ಷ ನಾನು ಒಂದು ದಿನದ ಪರೀಕ್ಷೆಗೆ ನೊಂದುಕೊಂಡಿದ್ದೆ. ಮಿಕ್ಕವನ್ನೆಲ್ಲ ಅವಳು ಬರೆದಳು ಅಂತಲೇ ನಂಬಿದ್ದೆ. ಅಷ್ಟು ದಿನವೂ ಅವಳು ನನ್ನ ಕಣ್ಣ ಮುಂದೆ ಮನೆಯಲ್ಲೇ ಇದ್ದಳು, ನಾನು ನೋಡಿರಲಿಲ್ಲ. ತಪ್ಪಾಯ್ತು ಕಣವ್ವ ಅಂದೆ. ಅವಳು ಹುಡುಗಿಯ ತೊಡೆಯಿಂದ ಜಾರುತ್ತಿದ್ದ ಡಬ್ಬಿಯನ್ನು ಸರಿಮಾಡಿದಳು.

ಕಿಟಕಿಯ ಕಡೆಯಿಂದ ಮೊಮ್ಮಗಳು ನಮ್ಮತ್ತ ಬಗ್ಗಿದಳು. "ಯಾವ ಪರೀಕ್ಷೆ ಅಮ್ಮಾ?"

ಮಗಳು ನನ್ನ ಮುಖ ನೋಡಿದಳು. ಹೇಳಲೋ ಬೇಡವೋ ಅಂತ ನನ್ನನ್ನೇ ಕೇಳುವ ಹಾಗೆ. ಅವತ್ತು ಬಾಗಿಲಲ್ಲಿ ನಿಂತಾಗಲೂ ಹೀಗೇ ನೋಡಿರಬೇಕು, ನಾನು ತಲೆ ಎತ್ತಿರಲಿಲ್ಲ.

"ಹೇಳು" ಅಂದೆ.

"ನಮ್ಮನೇಲಿ ಹುಳ ಸಾಕ್ತಿದ್ವಲ್ಲ, ಆವಾಗ..." ಅಂತ ಶುರು ಮಾಡಿ ಅವಳು ನಿಲ್ಲಿಸಿದಳು.

"ಹೂಂ" ಅಂದೆ ನಾನು.

ಅವಳು ಮುಂದುವರಿಸಿದಳು. ನಮ್ಮ ಸ್ಟಾಪು ಬರುವವರೆಗೂ ನಾನು ಹೂಂಗುಟ್ಟುತ್ತಲೇ ಇದ್ದೆ.